ಒಂದೇ ಶಾಲೆ, ಎರಡು ಸನ್ನದು

ಅಮೆರಿಕದ ಬಾಸ್ಟನ್ ಕಾಲೇಜಿನ ದೈವಶಾಸ್ತ್ರ ಶಾಲೆ ಎರಡು ಬಗೆಯ ಪದವಿ ಕೊಡುತ್ತದೆ. ಮೊದಲನೆಯದು ಎಲ್ಲ ವಿಶ್ವವಿದ್ಯಾಲಯಗಳೂ ಕೊಡುವಂಥದ್ದು. ಮ್ಯಾಸಚೂಸೆಟ್ಸ್ ರಾಜ್ಯ 1863ರಲ್ಲಿ ಆ ಸಂಸ್ಥೆಗೆ ನೀಡಿದ ಸನ್ನದೇ ಅದರ ಆಧಾರ. ಎರಡನೆಯದನ್ನು ಕೊಡುವ ಅಧಿಕಾರ ರೋಮ್‌ನಿಂದ, ಅಂದರೆ ಪೋಪ್ ಅವರ ಆಡಳಿತದಿಂದ ಬಂದದ್ದು. ಒಂದೇ ಕಟ್ಟಡ, ಒಂದೇ ಗ್ರಂಥಾಲಯ, ಬಹುಮಟ್ಟಿಗೆ ಅದೇ ಅಧ್ಯಾಪಕರು. ಆದರೆ ಪದವಿಪತ್ರದ ಹಿಂದಿನ ಅಧಿಕಾರ ಬೇರೆ ಬೇರೆ.

ಹೆಸರಿನಲ್ಲಿ ಕಾಲೇಜು ಎಂದಿದ್ದರೂ ಬಾಸ್ಟನ್ ಕಾಲೇಜು ಪೂರ್ಣ ಪ್ರಮಾಣದ ವಿಶ್ವವಿದ್ಯಾಲಯ. ಕಥೋಲಿಕ ಕ್ರೈಸ್ತರ ಯೇಸುಸಭೆ ಎಂಬ ಸಂಘದ ಗುರುಗಳು, ಅಂದರೆ ಜೆಸ್ವಿಟರು ಕಟ್ಟಿದ್ದು. ಕಾನೂನು, ನರ್ಸಿಂಗ್, ಮ್ಯಾನೇಜ್‌ಮೆಂಟ್ ಶಾಲೆಗಳ ಪಕ್ಕದಲ್ಲೇ ಅಲ್ಲಿ ದೈವಶಾಸ್ತ್ರಕ್ಕೂ ಒಂದು ಸ್ನಾತಕೋತ್ತರ ಶಾಲೆಯಿದೆ. ದಾನಿಗಳ ಗೌರವಾರ್ಥ ಈಗ ಅದನ್ನು ಕ್ಲಫ್ ಸ್ಕೂಲ್ ಆಫ್ ಥಿಯಾಲಜಿ ಆ್ಯಂಡ್ ಮಿನಿಸ್ಟ್ರಿ ಎಂದು ಕರೆಯುತ್ತಾರೆ. ನಮ್ಮ ದೇಶದ ವಿಶ್ವವಿದ್ಯಾಲಯಗಳನ್ನು ಕಂಡವರಿಗೆ ಇಂಥ ಶಾಲೆ ಹೇಗೆ ನಡೆಯುತ್ತದೆ ಎಂದು ಊಹಿಸುವುದೇ ಕಷ್ಟ. ನಂಬಿಕೆಯನ್ನು ಪರೀಕ್ಷೆಗೆ ಇಟ್ಟು ಅಂಕ ಕೊಡುತ್ತಾರೆಯೇ? ಅಧ್ಯಾಪಕರು ಬಿಷಪ್ ಹೇಳಿದ್ದನ್ನೇ ಹೇಳಬೇಕೇ? ಕಥೋಲಿಕರಲ್ಲದವರು ಸೇರಬಹುದೇ? ಈ ಪ್ರಶ್ನೆಗಳಿಗೆ ಉತ್ತರ ಸಿಗಬೇಕಾದರೆ ಮೊದಲು ಒಂದು ವ್ಯತ್ಯಾಸ ತಿಳಿಯಬೇಕು.

ಧರ್ಮಗಳ ಅಧ್ಯಯನ ಬೇರೆ, ದೈವಶಾಸ್ತ್ರ ಬೇರೆ. ಮೈಸೂರು ವಿಶ್ವವಿದ್ಯಾಲಯದಲ್ಲಿ ಕ್ರೈಸ್ತಧರ್ಮ ಅಧ್ಯಯನ ವಿಭಾಗವಿದೆ, ಮಂಗಳೂರು ವಿಶ್ವವಿದ್ಯಾಲಯದಲ್ಲಿ ಕ್ರೈಸ್ತಧರ್ಮ ಪೀಠವಿದೆ. ಅಲ್ಲಿ ಕ್ರೈಸ್ತಧರ್ಮವು ಇತಿಹಾಸ, ಸಮಾಜ, ಸಾಹಿತ್ಯದಂತೆ ಅಧ್ಯಯನದ ವಸ್ತು. ಅಧ್ಯಯನ ಮಾಡುವವರ ನಂಬಿಕೆ ಏನೆಂದು ಯಾರೂ ಕೇಳುವುದಿಲ್ಲ. ದೈವಶಾಸ್ತ್ರ ಹಾಗಲ್ಲ. ಒಂದು ಸಮುದಾಯ ತಾನು ನಂಬಿದ್ದನ್ನು ತಾನೇ ಬುದ್ಧಿಯಿಂದ ಪರಿಶೀಲಿಸುವ ಕೆಲಸ ಅದು. ಪಾಠಶಾಲೆಯಲ್ಲಿ ಗುರುಗಳ ಮುಂದೆ ಕುಳಿತು ಶಾಂಕರಭಾಷ್ಯ ಓದುವುದಕ್ಕೂ ವಿಶ್ವವಿದ್ಯಾಲಯದ ತತ್ತ್ವಶಾಸ್ತ್ರ ವಿಭಾಗದಲ್ಲಿ ಅದೇ ಭಾಷ್ಯ ಓದುವುದಕ್ಕೂ ಇರುವ ಅಂತರವನ್ನು ನೆನೆದರೆ ವಿಷಯ ಅರ್ಥವಾಗುತ್ತದೆ. ಆ ಪಾಠಶಾಲೆಯನ್ನು ಅದರ ಶ್ರದ್ಧೆಯ ಸಮೇತ ವಿಶ್ವವಿದ್ಯಾಲಯದೊಳಕ್ಕೆ ತಂದು, ಬೇರೆ ವಿಭಾಗಗಳಿಗಿರುವ ಪ್ರವೇಶ, ಮೌಲ್ಯಮಾಪನ, ಸಂಶೋಧನೆಯ ನಿಯಮಗಳನ್ನೇ ಅದಕ್ಕೂ ಹಾಕಿದರೆ ಏನಾಗುತ್ತದೋ ಅದೇ ಬಾಸ್ಟನ್‌ನಲ್ಲಿ ನಡೆಯುತ್ತಿರುವುದು.

ಭಾರತದಲ್ಲಿ ಇದು ಅಪರೂಪವಾಗಲು ಕಾರಣವಿದೆ. 1857ರಲ್ಲಿ ಕಲ್ಕತ್ತಾ, ಬೊಂಬಾಯಿ, ಮದರಾಸುಗಳಲ್ಲಿ ಶುರುವಾದ ವಿಶ್ವವಿದ್ಯಾಲಯಗಳಿಗೆ ಲಂಡನ್ ವಿಶ್ವವಿದ್ಯಾಲಯವೇ ಮಾದರಿ. ಧಾರ್ಮಿಕ ನಂಬಿಕೆಗೆ ಸಂಬಂಧಿಸಿದ ವಿಷಯಗಳು ಪದವಿ ಪರೀಕ್ಷೆಯಲ್ಲಿ ಇರಕೂಡದು ಎಂದು 1854ರ ವುಡ್ ವರದಿ ಮೊದಲೇ ಹೇಳಿತ್ತು. ಆಮೇಲೆ ಬಂದ ಅಲೀಗಢ ಮುಸ್ಲಿಂ ವಿಶ್ವವಿದ್ಯಾಲಯದಲ್ಲಿ ಸುನ್ನಿ ಮತ್ತು ಶಿಯಾ ಪರಂಪರೆಗಳಿಗೆ ಪ್ರತ್ಯೇಕ ವಿಭಾಗಗಳಿರುವ ದೈವಶಾಸ್ತ್ರ ನಿಕಾಯವಿದೆ, ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಸಂಸ್ಕೃತ ವಿದ್ಯಾ ಧರ್ಮ ವಿಜ್ಞಾನ ಸಂಕಾಯವಿದೆ. ಇಂಥವು ಬೆರಳೆಣಿಕೆಯಷ್ಟು.

ಯುರೋಪಿನ ಕಥೆ ಇದಕ್ಕೆ ತದ್ವಿರುದ್ಧ. ಅಲ್ಲಿ ದೈವಶಾಸ್ತ್ರವನ್ನು ವಿಶ್ವವಿದ್ಯಾಲಯಕ್ಕೆ ಯಾರೂ ಹೊರಗಿನಿಂದ ತರಲಿಲ್ಲ. ಅದು ಮೊದಲಿನಿಂದಲೂ ಒಳಗೇ ಇತ್ತು. ಹದಿಮೂರನೆಯ ಶತಮಾನದ ಪ್ಯಾರಿಸ್‌ನಲ್ಲಿ ಕಲೆ, ಕಾನೂನು, ವೈದ್ಯದ ಜೊತೆಗೆ ದೈವಶಾಸ್ತ್ರವೂ ಒಂದು ನಿಕಾಯ. ಥಾಮಸ್ ಅಕ್ವಿನಾಸ್ ಕಲಿಸಿದ್ದು ಅಲ್ಲೇ. ಗ್ರೀಕ್ ತತ್ತ್ವಜ್ಞಾನಿ ಅರಿಸ್ಟಾಟಲನ ಗ್ರಂಥಗಳು ಅರಬ್ಬಿ ವಿದ್ವಾಂಸರ ವ್ಯಾಖ್ಯಾನಗಳೊಂದಿಗೆ ಆಗತಾನೇ ಬಂದಿದ್ದವು, ಅವನ್ನಿಟ್ಟುಕೊಂಡು ಕ್ರೈಸ್ತ ನಂಬಿಕೆಯನ್ನು ವಿವರಿಸುವ ಸಾಹಸ ಅವರದು. 1277ರಲ್ಲಿ ಪ್ಯಾರಿಸ್‌ನ ಬಿಷಪ್ ಎಟಿಯೆನ್ ತಾಂಪಿಯೆ 219 ವಾದಗಳನ್ನು ಖಂಡಿಸಿ ಆದೇಶ ಹೊರಡಿಸಿದರು. ಅವುಗಳಲ್ಲಿ ಕೆಲವು, ಆಗ ತೀರಿಕೊಂಡು ಮೂರು ವರ್ಷವಾಗಿದ್ದ ಅಕ್ವಿನಾಸರ ವಿಚಾರಗಳಿಗೂ ತಾಗುವಂತಿದ್ದವು. 1323ರಲ್ಲಿ ಅದೇ ಅಕ್ವಿನಾಸರನ್ನು ಧರ್ಮಸಭೆ, ಅಂದರೆ ಕಥೋಲಿಕ ಚರ್ಚು, ಸಂತರೆಂದು ಘೋಷಿಸಿತು. 1325ರಲ್ಲಿ ಪ್ಯಾರಿಸ್‌ನ ಅಂದಿನ ಬಿಷಪ್, ಖಂಡನೆ ಅವರಿಗೆ ತಾಗುವಷ್ಟರ ಮಟ್ಟಿಗೆ ಅದನ್ನು ಹಿಂತೆಗೆದುಕೊಂಡರು. ಅಧ್ಯಾಪಕರಿಗೂ ಬಿಷಪ್ಪರಿಗೂ ನಡುವಿನ ಜಗ್ಗಾಟ ಅಷ್ಟು ಹಳೆಯದು.

ದೈವಶಾಸ್ತ್ರ ಊರಾಚೆ ಹೋದದ್ದು ಆಮೇಲೆ. ಧರ್ಮಸಭೆಯ ವಿರುದ್ಧ ಮಾರ್ಟಿನ್ ಲೂಥರ್ ಎಬ್ಬಿಸಿದ ಬಿರುಗಾಳಿಗೆ ಉತ್ತರವಾಗಿ ಸೇರಿದ ಬಿಷಪ್ಪರ ಟ್ರೆಂಟ್ ಮಹಾಸಭೆ 1563ರಲ್ಲಿ ಒಂದು ತೀರ್ಮಾನ ಮಾಡಿತು: ಪ್ರತಿ ಧರ್ಮಪ್ರಾಂತದಲ್ಲೂ, ಅಂದರೆ ಒಬ್ಬ ಬಿಷಪ್ಪರ ಆಡಳಿತದ ಪ್ರದೇಶದಲ್ಲೂ, ಪಾದ್ರಿಗಳನ್ನು ತಯಾರು ಮಾಡುವ ಸೆಮಿನರಿ ಇರಬೇಕು. ಉದ್ದೇಶ ಒಳ್ಳೆಯದೇ. ಅಕ್ಷರ ಬಾರದ, ಪೂಜೆ ನೆಟ್ಟಗೆ ಮಾಡಲು ಬಾರದ ಪಾದ್ರಿಗಳಿದ್ದ ಕಾಲ ಅದು. ಸೆಮಿನರಿಯಿಂದ ಶಿಸ್ತು ಬಂತು. ಆದರೆ ಕಾಲ ಕಳೆದಂತೆ ದೈವಶಾಸ್ತ್ರ ಎಂದರೆ ಪಾದ್ರಿಯಾಗುವ ಗಂಡಸರು ಗೋಡೆಗಳೊಳಗೆ ಲ್ಯಾಟಿನ್ ಕೈಪಿಡಿ ಓದುವುದು ಎಂದಷ್ಟೇ ಆಯಿತು. 1910ರಿಂದಂತೂ ಆಧುನಿಕ ವಿಚಾರಗಳ ವಿರುದ್ಧ ಪ್ರಮಾಣವಚನ ಸ್ವೀಕರಿಸದೆ ಯಾರೂ ಕಲಿಸುವಂತಿರಲಿಲ್ಲ. ಆ ಪ್ರಮಾಣ ರದ್ದಾದದ್ದು 1967ರಲ್ಲಿ.

ಬಾಸ್ಟನ್ ಶಾಲೆಯ ಒಂದು ಬೇರು ಈ ಕಾಲದ್ದೇ. 1922ರಲ್ಲಿ ಜೆಸ್ವಿಟರು ಬಾಸ್ಟನ್ ನಗರದ ಹೊರಗೆ ವೆಸ್ಟನ್ ಎಂಬಲ್ಲಿ ತಮ್ಮ ಎಳೆಯರಿಗಾಗಿ ವಿದ್ಯಾಮಠ ಕಟ್ಟಿದರು. ಸುತ್ತ ಕಾಡು, ಗದ್ದಲವಿಲ್ಲದ ಜಾಗ. ಭೂಕಂಪ ಅಳೆಯುವ ಕೇಂದ್ರವೊಂದು ಅಲ್ಲಿ ಇಂದಿಗೂ ಬಾಸ್ಟನ್ ಕಾಲೇಜಿನ ಅಡಿಯಲ್ಲಿ ಕೆಲಸ ಮಾಡುತ್ತಿದೆ. ಜೆಸ್ವಿಟರಿಗೆ ಭೂಕಂಪಶಾಸ್ತ್ರದ ಮೇಲಿದ್ದ ಒಲವಿನ ಕುರುಹು ಅದು. ಮೇರಿಲೆಂಡ್‌ನ ವುಡ್‌ಸ್ಟಾಕ್, ಕ್ಯಾಲಿಫೋರ್ನಿಯಾದ ಆಲ್ಮಾ ವಿದ್ಯಾಮಠಗಳೂ ಹೀಗೆ ಊರಿನಿಂದ ದೂರವೇ ಇದ್ದವು.

ವುಡ್‌ಸ್ಟಾಕ್‌ನಲ್ಲಿ ಕಲಿಸುತ್ತಿದ್ದವರು ಜಾನ್ ಕೋರ್ಟ್ನಿ ಮರ್ರಿ. ಪ್ರಭುತ್ವ ಯಾರ ಮೇಲೂ ಧರ್ಮವನ್ನು ಹೇರಬಾರದು, ಧಾರ್ಮಿಕ ಸ್ವಾತಂತ್ರ್ಯ ಮನುಷ್ಯನ ಹಕ್ಕು ಎಂದು ಅವರು ಬರೆದರು. 1950ರ ದಶಕದ ನಡುವೆ, ಈ ವಿಷಯದ ಬಗ್ಗೆ ಇನ್ನು ಬರೆಯಬೇಡಿ ಎಂದು ಮೇಲಿನವರಿಂದ ಸೂಚನೆ ಬಂತು. ಅವರು ಸುಮ್ಮನಾದರು. 1963ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆಗೆ ತಜ್ಞರಾಗಿ ಅವರಿಗೇ ಕರೆ ಬಂತು. 1965ರಲ್ಲಿ ಆ ಸಭೆ ಧಾರ್ಮಿಕ ಸ್ವಾತಂತ್ರ್ಯದ ಬಗ್ಗೆ ಘೋಷಣೆ ಹೊರಡಿಸಿದಾಗ ಅದರ ಹಿಂದೆ ಮರ್ರಿಯವರ ಚಿಂತನೆ ಕೆಲಸ ಮಾಡಿತ್ತು. ಬಾಯಿ ಮುಚ್ಚಿಸಿದ್ದ ವಿಚಾರ ಹತ್ತೇ ವರ್ಷದಲ್ಲಿ ಧರ್ಮಸಭೆಯ ಅಧಿಕೃತ ಬೋಧನೆಯಾಯಿತು. ದೈವಶಾಸ್ತ್ರಕ್ಕೆ ಪ್ರಶ್ನೆ ಕೇಳುವ ಸ್ವಾತಂತ್ರ್ಯ ಏಕೆ ಬೇಕು ಎನ್ನುವವರಿಗೆ ಇದಕ್ಕಿಂತ ಸ್ಪಷ್ಟ ನಿದರ್ಶನ ನನಗೆ ಕಾಣುವುದಿಲ್ಲ.

ಆ ಮಹಾಸಭೆಯ ಬೆನ್ನಿಗೇ ಮೂರೂ ವಿದ್ಯಾಮಠಗಳು ಕಾಡು ಬಿಟ್ಟು ನಗರಕ್ಕೆ ಬಂದವು. ವುಡ್‌ಸ್ಟಾಕ್ ನ್ಯೂಯಾರ್ಕ್‌ಗೆ ಹೋಗಿ 1974ರಲ್ಲಿ ಮುಚ್ಚಿತು. ಆಲ್ಮಾ ಬರ್ಕ್ಲಿಗೆ ಹೋಗಿ, 2009ರಲ್ಲಿ ಸಾಂಟಾ ಕ್ಲಾರಾ ವಿಶ್ವವಿದ್ಯಾಲಯದ ಭಾಗವಾಯಿತು. ವೆಸ್ಟನ್ 1968ರಲ್ಲಿ ಹಾರ್ವರ್ಡ್ ಇರುವ ಕೇಂಬ್ರಿಜ್‌ಗೆ ಬಂದು, ರೋಮ್‌ನಿಂದ ಬೇರ್ಪಟ್ಟ ಆಂಗ್ಲಿಕನ್ ಪರಂಪರೆಯ ಎಪಿಸ್ಕೋಪಲ್ ಶಾಲೆಯ ಆವರಣದಲ್ಲಿ ನೆಲೆ ನಿಂತಿತು, ಗ್ರಂಥಾಲಯವನ್ನೂ ಅವರೊಂದಿಗೆ ಹಂಚಿಕೊಂಡಿತು. ಒಂದು ತಲೆಮಾರಿನ ಹಿಂದೆ ಯೋಚಿಸಲೂ ಆಗದಿದ್ದ ನೆರೆಹೊರೆ ಅದು. ಆಮೇಲೆ 2008ರಲ್ಲಿ, ಬಾಸ್ಟನ್ ಕಾಲೇಜಿನಲ್ಲಿ 1971ರಿಂದ ಧರ್ಮಬೋಧಕರನ್ನೂ ಪಾಲನಾ ಸೇವಕರನ್ನೂ ತಯಾರು ಮಾಡುತ್ತಿದ್ದ ಸಂಸ್ಥೆಯೂ ವೆಸ್ಟನ್ ಶಾಲೆಯೂ ಕೂಡಿ ಈಗಿನ ಶಾಲೆ ಹುಟ್ಟಿತು.

ಅದು ನಿಂತಿರುವ ನೆಲದ ಕಥೆಯನ್ನೂ ಹೇಳಲೇಬೇಕು. 2002ರಲ್ಲಿ ಬಾಸ್ಟನ್ ಗ್ಲೋಬ್ ಪತ್ರಿಕೆ, ಪಾದ್ರಿಗಳು ಮಕ್ಕಳ ಮೇಲೆ ನಡೆಸಿದ ಲೈಂಗಿಕ ದೌರ್ಜನ್ಯವನ್ನೂ ಅದನ್ನು ಮೇಲಿನವರು ಮುಚ್ಚಿಟ್ಟದ್ದನ್ನೂ ಬಯಲಿಗೆಳೆಯಿತು. ಮರುವರ್ಷ ಬಾಸ್ಟನ್ ಮಹಾಧರ್ಮಪ್ರಾಂತ ಐನೂರಕ್ಕೂ ಹೆಚ್ಚು ಸಂತ್ರಸ್ತರಿಗೆ 8.5 ಕೋಟಿ ಡಾಲರ್ ಪರಿಹಾರ ಕೊಡಲು ಒಪ್ಪಿತು. 2004ರಲ್ಲಿ ಬ್ರೈಟನ್‌ನಲ್ಲಿದ್ದ ತನ್ನ 43 ಎಕರೆ ಜಮೀನನ್ನು, ಆರ್ಚ್‌ಬಿಷಪ್ಪರ ನಿವಾಸ ಸಮೇತ, ಸುಮಾರು 10 ಕೋಟಿ ಡಾಲರಿಗೆ ರಸ್ತೆಯಾಚೆಗಿನ ಬಾಸ್ಟನ್ ಕಾಲೇಜಿಗೆ ಮಾರಿತು. ದೈವಶಾಸ್ತ್ರ ಶಾಲೆ ಇರುವುದು ಆ ಬ್ರೈಟನ್ ಆವರಣದಲ್ಲಿ. ಅಧಿಕಾರ, ಪಾಪ, ಕ್ಷಮೆ, ನ್ಯಾಯ ಎಂಬ ಮಾತುಗಳನ್ನು ಅಲ್ಲಿ ಕಲಿಸುವವರೂ ಕಲಿಯುವವರೂ ಈ ಇತಿಹಾಸಕ್ಕೆ ಬೆನ್ನು ತಿರುಗಿಸಿ ಕೂರುವಂತಿಲ್ಲ. ಹಗರಣ ಹೊರಬಿದ್ದ ವರ್ಷವೇ ವಿಶ್ವವಿದ್ಯಾಲಯ ‘ಇಪ್ಪತ್ತೊಂದನೆಯ ಶತಮಾನದಲ್ಲಿ ಧರ್ಮಸಭೆ’ ಎಂಬ ಹೆಸರಿನಲ್ಲಿ ಬಹಿರಂಗ ಚರ್ಚೆಗಳನ್ನು ಶುರುಮಾಡಿತು. ಗೋಡೆಯೊಳಗಿನ ಸೆಮಿನರಿ ಇಂಥ ಚರ್ಚೆಯನ್ನು ಊರ ಮುಂದೆ ನಡೆಸುವುದು ಕಷ್ಟವಿತ್ತು.

ಇನ್ನು ಪಾಠದ ವಿಷಯ. ಬೈಬಲಿನ ಮೊದಲ ಪುಸ್ತಕ ಆದಿಕಾಂಡವನ್ನೇ ತೆಗೆದುಕೊಳ್ಳಿ. ಮೊದಲ ಅಧ್ಯಾಯದಲ್ಲಿ ದೇವರು ಆರು ದಿನದಲ್ಲಿ ಸೃಷ್ಟಿ ಮಾಡುತ್ತಾನೆ: ಮೊದಲು ಗಿಡಮರ, ಆಮೇಲೆ ಮೀನು, ಹಕ್ಕಿ, ಪ್ರಾಣಿ, ಕಡೆಗೆ ಗಂಡು ಹೆಣ್ಣು ಇಬ್ಬರೂ ಒಟ್ಟಿಗೆ. ಎರಡನೆಯ ಅಧ್ಯಾಯಕ್ಕೆ ಬಂದರೆ ಕ್ರಮವೇ ಬೇರೆ. ಹೊಲದಲ್ಲಿ ಗಿಡ ಇನ್ನೂ ಮೊಳೆತಿಲ್ಲ, ಆಗಲೇ ದೇವರು ಮಣ್ಣಿನಿಂದ ಮನುಷ್ಯನನ್ನು ಮಾಡುತ್ತಾನೆ. ಆಮೇಲೆ ತೋಟ, ಆಮೇಲೆ ಪ್ರಾಣಿಗಳು, ಎಲ್ಲಕ್ಕಿಂತ ಕೊನೆಗೆ ಅವನ ಪಕ್ಕೆಲುಬಿನಿಂದ ಹೆಂಗಸು. ಒಂದರಲ್ಲಿ ದೇವರು ಮಾತಿನಿಂದ ಸೃಷ್ಟಿಸುತ್ತಾನೆ, ಇನ್ನೊಂದರಲ್ಲಿ ಕುಂಬಾರನ ಹಾಗೆ ಕೈಯಿಂದ. ಇವು ಬೇರೆ ಬೇರೆ ಕಾಲದ, ಬೇರೆ ಬೇರೆ ಪರಂಪರೆಯ ಎರಡು ಕಥನಗಳು, ಸಂಪಾದಕರು ಎರಡನ್ನೂ ಗೌರವದಿಂದ ಉಳಿಸಿಕೊಂಡು ಜೋಡಿಸಿದ್ದಾರೆ ಎಂದು ವಿದ್ವಾಂಸರು ವಿವರಿಸುತ್ತಾರೆ. ಪಠ್ಯವನ್ನು ಹೀಗೆ ಅದರ ಕಾಲ, ಸಾಹಿತ್ಯ ಪ್ರಕಾರ ನೋಡಿ ಓದಲು ಕಥೋಲಿಕ ವಿದ್ವಾಂಸರಿಗೆ ಬಾಗಿಲು ತೆರೆದದ್ದು ಪೋಪ್ ಹನ್ನೆರಡನೆಯ ಪಿಯುಸ್ ಅವರ 1943ರ ಪತ್ರ. ತರಗತಿಯಲ್ಲಿ ಕೆಲಸ ಅಲ್ಲಿಗೆ ಮುಗಿಯುವುದಿಲ್ಲ. ಇತಿಹಾಸ ವಿಭಾಗದಲ್ಲಾದರೆ ಎರಡು ಮೂಲಗಳನ್ನು ಬೇರ್ಪಡಿಸಿದರೆ ಸಾಕಿತ್ತು. ಇಲ್ಲಿ ಮುಂದಿನ ಪ್ರಶ್ನೆಯೂ ಉಂಟು: ಹೀಗೆ ಕೂಡಿ ಬಂದ ಗ್ರಂಥ ದೇವರ ವಾಕ್ಯ ಎಂದು ಹೇಳುವುದರ ಅರ್ಥವೇನು? ಪರೀಕ್ಷೆಯಲ್ಲಿ ಅಂಕ ಸಿಗುವುದು ಈ ವಾದದ ಗಟ್ಟಿತನಕ್ಕೆ, ಭಕ್ತಿಗಲ್ಲ.

ಬೈಬಲ್ ಜೊತೆಗೆ ಹೀಬ್ರೂ, ಗ್ರೀಕ್ ಭಾಷೆಗಳು, ಧರ್ಮಸಭೆಯ ಇತಿಹಾಸ, ನೀತಿಶಾಸ್ತ್ರ, ಸಂಸ್ಕಾರಗಳು, ಧರ್ಮಸಭೆಯ ಒಳಗಿನ ಕಾನೂನಾದ ಕ್ಯಾನನ್ ಕಾನೂನು ಇರುತ್ತವೆ. ಇವೆಲ್ಲಕ್ಕಿಂತ ಬೇರೆಯಾದದ್ದು ಆಸ್ಪತ್ರೆಯ ತರಬೇತಿ. ಅಮೆರಿಕದ ಬಹುತೇಕ ದೈವಶಾಸ್ತ್ರ ಶಾಲೆಗಳ ವಿದ್ಯಾರ್ಥಿಗಳಿಗೆ ಇದು ಪರಿಚಿತ. ಒಂದು ಘಟಕಕ್ಕೆ ಸುಮಾರು 400 ಗಂಟೆ. ವಿದ್ಯಾರ್ಥಿ ವಾರ್ಡಿಗೆ ಹೋಗಿ ರೋಗಿಗಳ ಜೊತೆ ಮಾತಾಡಿ ಬರಬೇಕು, ಬಂದು ಆ ಸಂಭಾಷಣೆಯನ್ನು ನೆನಪಿದ್ದಷ್ಟೂ ಮಾತಿಗೆ ಮಾತು ಬರೆಯಬೇಕು. ರೋಗಿ ಏನೆಂದರು, ನಾನು ಏನೆಂದೆ, ಎಲ್ಲಿ ಇಬ್ಬರೂ ಸುಮ್ಮನಾದೆವು. ಅದನ್ನು ಸಹಪಾಠಿಗಳ ಮುಂದೆ ಓದಬೇಕು. ‘ನಾನು ಮನೆಗೆ ಹೋಗೋದಿಲ್ಲ ಅನಿಸುತ್ತೆ’ ಎಂದು ವಯಸ್ಸಾದ ರೋಗಿಯೊಬ್ಬರು ಹೇಳಿದರು ಎನ್ನಿ. ವಿದ್ಯಾರ್ಥಿ ತಟ್ಟನೆ ‘ಹಾಗನ್ನಬೇಡಿ, ದೇವರಿದ್ದಾನೆ’ ಎಂದಿರುತ್ತಾನೆ. ಗುಂಪಿನಲ್ಲಿ ಒಬ್ಬರು ಕೇಳುತ್ತಾರೆ: ಆ ಮಾತು ಅವರ ಸಮಾಧಾನಕ್ಕೋ, ನಿನ್ನ ಸಮಾಧಾನಕ್ಕೋ? ಅವರು ಹೇಳಲು ಹೊರಟಿದ್ದನ್ನು ನೀನು ನಿಲ್ಲಿಸಿಬಿಟ್ಟೆಯಲ್ಲ? ನೋವಿನಲ್ಲಿ ದೇವರು ಎಲ್ಲಿ ಎಂಬ ಬಗ್ಗೆ ಪುಸ್ತಕದಲ್ಲಿ ಓದಿದ್ದೆಲ್ಲ ಅಲ್ಲಿ ಪರೀಕ್ಷೆಗೆ ಒಳಗಾಗುತ್ತದೆ.

ಇದನ್ನೆಲ್ಲ ಓದುವವರು ಯಾರು? ಪಾದ್ರಿಯಾಗಲಿರುವ ಜೆಸ್ವಿಟರು ಇದ್ದಾರೆ, ಕನ್ಯಾಸ್ತ್ರೀಯರಿದ್ದಾರೆ, ಶಾಲೆಗಳಲ್ಲಿ ಕಲಿಸುವ, ಆಸ್ಪತ್ರೆಗಳಲ್ಲಿ ಕೆಲಸ ಮಾಡುವ ಶ್ರೀಸಾಮಾನ್ಯ ಗಂಡಸರು ಹೆಂಗಸರು ಇದ್ದಾರೆ. ಬೇರೆ ಕ್ರೈಸ್ತ ಪಂಥದವರಿಗೂ ಬಾಗಿಲು ತೆರೆದಿದೆ. ಹೆಂಗಸರು ಇಲ್ಲಿಯವರೆಗೆ ಬಂದ ದಾರಿ ಸುಲಭದ್ದಲ್ಲ. 1940ರ ದಶಕದವರೆಗೂ ಅಮೆರಿಕದ ಕಥೋಲಿಕ ವಿಶ್ವವಿದ್ಯಾಲಯಗಳು ಹೆಂಗಸರಿಗೆ ದೈವಶಾಸ್ತ್ರದಲ್ಲಿ ಉನ್ನತ ಪದವಿ ಕೊಡುತ್ತಿರಲಿಲ್ಲ. ಇಂಡಿಯಾನಾದ ಸೇಂಟ್ ಮೇರೀಸ್ ಕಾಲೇಜಿನ ಅಧ್ಯಕ್ಷೆ ಸಿಸ್ಟರ್ ಮ್ಯಾಡಲೇವಾ ವುಲ್ಫ್ 1943ರಲ್ಲಿ ಹೆಂಗಸರಿಗಾಗಿಯೇ ಅಂಥ ಶಾಲೆ ತೆರೆದರು. ಅಲ್ಲಿ ಓದಿದ ಮೇರಿ ಡೇಲಿ ಮುಂದಿನ ದೈವಶಾಸ್ತ್ರ ಡಾಕ್ಟರೇಟಿಗೆ ಸ್ವಿಟ್ಜರ್ಲೆಂಡಿನ ಫ್ರಿಬೂರ್ಗ್‌ಗೆ ಹೋಗಬೇಕಾಯಿತು. ಬಂದು ಬಾಸ್ಟನ್ ಕಾಲೇಜಿನ ದೈವಶಾಸ್ತ್ರ ವಿಭಾಗದಲ್ಲಿ ಅಧ್ಯಾಪಕಿಯಾದರು. ಧರ್ಮಸಭೆ ಹೆಂಗಸರನ್ನು ನಡೆಸಿಕೊಂಡ ರೀತಿಯನ್ನು ಟೀಕಿಸಿ ಅವರ ಪುಸ್ತಕ 1968ರಲ್ಲಿ ಬಂದಾಗ ಕೆಲಸಕ್ಕೇ ಸಂಚಕಾರ ಬಂತು. ವಿದ್ಯಾರ್ಥಿಗಳು ಬೀದಿಗಿಳಿದ ಮೇಲೆ 1969ರಲ್ಲಿ ಅವರ ಹುದ್ದೆ ಕಾಯಂ ಆಯಿತು.

ಈಗ ಗಂಟು ಬಿದ್ದಿರುವ ಭಾಗಕ್ಕೆ ಬರೋಣ. ರೋಮ್‌ನ ಪದವಿಗಳು ಮೂರು: ಬ್ಯಾಚಲರ್, ಲೈಸೆನ್ಷಿಯೇಟ್, ಡಾಕ್ಟರೇಟ್. ಹೆಸರು ಬ್ಯಾಚಲರ್ ಎಂದರೂ ಅದಕ್ಕೆ ಮೊದಲು ತತ್ತ್ವಶಾಸ್ತ್ರ ಓದಿರಬೇಕು, ಎಲ್ಲ ಸೇರಿ ಐದು ವರ್ಷದ ಹಾದಿ. ಲೈಸೆನ್ಷಿಯೇಟ್ ಅದರ ಮೇಲೆ ಎರಡು ವರ್ಷ. ಸೆಮಿನರಿಯಲ್ಲಿ ಕಲಿಸಬೇಕೆಂದರೆ ಸಾಮಾನ್ಯವಾಗಿ ಕನಿಷ್ಠ ಅದು ಬೇಕು. ಇವನ್ನು ಕೊಡುವ ನಿಕಾಯಕ್ಕೆ ಪೋಪ್ ಎರಡನೆಯ ಜಾನ್ ಪಾಲ್ 1979ರಲ್ಲಿ ಮಾಡಿದ್ದ ನಿಯಮಾವಳಿಯ ಜಾಗದಲ್ಲಿ ಪೋಪ್ ಫ್ರಾನ್ಸಿಸ್ 2017ರ ಡಿಸೆಂಬರಿನಲ್ಲಿ ಸಹಿ ಹಾಕಿದ ನಿಯಮಾವಳಿ ಈಗ ಅನ್ವಯಿಸುತ್ತದೆ. ಆ ನಿಕಾಯದಲ್ಲಿ ನಂಬಿಕೆಯ, ನೀತಿಯ ವಿಷಯ ಕಲಿಸುವವರು ಧರ್ಮಸಭೆಯ ಹೆಸರಿನಲ್ಲಿ ಕಲಿಸುತ್ತಾರೆ. ಅದಕ್ಕೆ ನಿಕಾಯದ ಚಾನ್ಸಲರ್ ಕೊಡುವ ನಿಯೋಗಪತ್ರ ಬೇಕು, ಕಾಯಂ ಹುದ್ದೆಗೆ ವ್ಯಾಟಿಕನ್‌ನ ಅಭ್ಯಂತರವಿಲ್ಲ ಎಂಬ ಮಾತೂ ಬೇಕು.

ಕಥೋಲಿಕ ವಿಶ್ವವಿದ್ಯಾಲಯದ ಉಳಿದ ದೈವಶಾಸ್ತ್ರ ವಿಭಾಗಗಳಲ್ಲಿ ಕಟ್ಟು ಇಷ್ಟು ಬಿಗಿಯಿಲ್ಲ. ಅಲ್ಲಿ ಕಲಿಸುವ ಕಥೋಲಿಕರು ಸ್ಥಳೀಯ ಬಿಷಪ್ಪರಿಂದ ಒಂದು ಮನ್ನಣೆ ಪಡೆಯಬೇಕು ಎಂದು ಕ್ಯಾನನ್ ಕಾನೂನು ಹೇಳುತ್ತದೆ. ಇದರ ಹಿಂದೆ ದೊಡ್ಡ ಹಗ್ಗಜಗ್ಗಾಟವಿದೆ. 1967ರ ಜುಲೈನಲ್ಲಿ ವಿಸ್ಕಾನ್ಸಿನ್‌ನ ಲ್ಯಾಂಡ್ ಒ ಲೇಕ್ಸ್‌ನಲ್ಲಿ ಸೇರಿದ ಕಥೋಲಿಕ ಶಿಕ್ಷಣತಜ್ಞರು, ನೋಟರ್ ಡೇಮ್ ವಿಶ್ವವಿದ್ಯಾಲಯದ ಥಿಯೊಡೋರ್ ಹೆಸ್ಬರ್ಗ್ ಮುಂದಾಳತ್ವದಲ್ಲಿ, ವಿಶ್ವವಿದ್ಯಾಲಯ ನಿಜವಾದ ವಿಶ್ವವಿದ್ಯಾಲಯವಾಗಬೇಕಾದರೆ ಹೊರಗಿನ ಯಾವುದೇ ಅಧಿಕಾರದಿಂದ ಸ್ವತಂತ್ರವಾಗಿರಬೇಕು ಎಂದು ಸಾರಿದರು. 1990ರಲ್ಲಿ ಪೋಪ್ ಎರಡನೆಯ ಜಾನ್ ಪಾಲ್, ಕಥೋಲಿಕ ವಿಶ್ವವಿದ್ಯಾಲಯ ಧರ್ಮಸಭೆಯ ಹೃದಯದಿಂದ ಹುಟ್ಟಿದ್ದು ಎಂದು ನೆನಪಿಸಿ ಆ ನಂಟನ್ನು ಬಿಗಿಗೊಳಿಸಿದರು.

ನಂಟು ಹರಿದರೆ ಏನಾಗುತ್ತದೆ ಎಂಬುದಕ್ಕೆ ಎರಡು ಪ್ರಕರಣಗಳು. ವಾಷಿಂಗ್ಟನ್‌ನ ಕಥೋಲಿಕ ವಿಶ್ವವಿದ್ಯಾಲಯದಲ್ಲಿ ನೀತಿಶಾಸ್ತ್ರ ಕಲಿಸುತ್ತಿದ್ದ ಚಾರ್ಲ್ಸ್ ಕರನ್, ಕೃತಕ ಗರ್ಭನಿರೋಧವನ್ನು ನಿಷೇಧಿಸಿದ 1968ರ ಪೋಪ್ ಪತ್ರಕ್ಕೆ ಭಿನ್ನಮತ ಸೂಚಿಸಿದವರು. 1986ರಲ್ಲಿ ರೋಮ್, ಅವರು ಕಥೋಲಿಕ ದೈವಶಾಸ್ತ್ರ ಕಲಿಸಲು ಅರ್ಹರಲ್ಲ ಎಂದಿತು. ಅವರು ನ್ಯಾಯಾಲಯಕ್ಕೆ ಹೋದರು, 1989ರಲ್ಲಿ ಸೋತರು, ಕೊನೆಗೆ ಡಲ್ಲಾಸ್‌ನ ಮೆಥೊಡಿಸ್ಟ್ ವಿಶ್ವವಿದ್ಯಾಲಯ ಸೇರಿದರು. ಜರ್ಮನಿಯ ಟ್ಯೂಬಿಂಗನ್‌ನಲ್ಲಿ ಕಥೆ ಬೇರೆಯಾಯಿತು. ಅದು ಸರ್ಕಾರಿ ವಿಶ್ವವಿದ್ಯಾಲಯ. ಅಲ್ಲಿ ಪ್ರಾಟೆಸ್ಟಂಟ್, ಕಥೋಲಿಕ ನಿಕಾಯಗಳು ಎರಡೂ ಇವೆ. ನಂಬಿಕೆ, ನೀತಿಯ ವಿಷಯದಲ್ಲಿ ವಿಧಿವತ್ತಾಗಿ ಬೋಧಿಸುವಾಗ ಪೋಪ್ ತಪ್ಪಲಾರರು ಎಂಬ ಬೋಧನೆಯನ್ನು ಪ್ರಶ್ನಿಸಿದ ಹಾನ್ಸ್ ಕ್ಯೂಂಗ್ ಅವರ ನಿಯೋಗಪತ್ರವನ್ನು 1979ರ ಡಿಸೆಂಬರಿನಲ್ಲಿ ಹಿಂತೆಗೆದುಕೊಂಡರು. ಆದರೆ ಪ್ರಾಧ್ಯಾಪಕರನ್ನು ತೆಗೆಯುವ ಅಧಿಕಾರ ರೋಮ್‌ಗೆ ಇರಲಿಲ್ಲ. ಕ್ಯೂಂಗ್ ಕಥೋಲಿಕ ನಿಕಾಯದಿಂದ ಹೊರಬಂದು, ಅದೇ ವಿಶ್ವವಿದ್ಯಾಲಯದಲ್ಲಿ 1996ರಲ್ಲಿ ನಿವೃತ್ತಿಯಾಗುವವರೆಗೂ ಕಲಿಸಿದರು. ಟ್ಯೂಬಿಂಗನ್ ನಮಗೆ ಪರಕೀಯವಲ್ಲ. ‘ಮಂಗಳೂರ ಸಮಾಚಾರ’ ತಂದ ಹರ್ಮನ್ ಮೋಗ್ಲಿಂಗ್ ಓದಿದ್ದು ಅಲ್ಲಿ, ಕಿಟ್ಟೆಲ್ ಅವರ ಕನ್ನಡ ನಿಘಂಟಿಗೆ ಮನ್ನಣೆಯಾಗಿ 1896ರಲ್ಲಿ ಗೌರವ ಡಾಕ್ಟರೇಟ್ ಕೊಟ್ಟದ್ದೂ ಆ ವಿಶ್ವವಿದ್ಯಾಲಯವೇ.

ಎರಡು ಅಧಿಕಾರಗಳ ನಡುವೆ ಸಿಲುಕುವ ಈ ವ್ಯವಸ್ಥೆಯೇ ಬೇಡ, ಸೆಮಿನರಿ ಸೆಮಿನರಿಯಾಗಿರಲಿ, ವಿಶ್ವವಿದ್ಯಾಲಯ ವಿಶ್ವವಿದ್ಯಾಲಯವಾಗಿರಲಿ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಮುಚ್ಚಿದ ಕೋಣೆಯ ದೈವಶಾಸ್ತ್ರಕ್ಕೆ ತನ್ನ ತಪ್ಪು ಕಾಣಿಸುವವರು ಸಿಗುವುದಿಲ್ಲ. ಸಮುದಾಯದ ನಂಟು ಪೂರ್ತಿ ಕಳಚಿಕೊಂಡರೆ ಅದು ಯಾರಿಗಾಗಿ ಯೋಚಿಸಬೇಕೆಂಬುದನ್ನೇ ಮರೆಯುತ್ತದೆ. ಕರನ್ ಅವರಂಥವರು ತೆತ್ತ ಬೆಲೆ ಸಣ್ಣದಲ್ಲ, ಅದನ್ನು ಸಣ್ಣದೆಂದು ಹೇಳುವುದು ಅನ್ಯಾಯ. ಆದರೂ ಆ ವಾದ ವಿವಾದ ಎಲ್ಲರ ಕಣ್ಣೆದುರು, ಬರವಣಿಗೆಯಲ್ಲಿ, ನ್ಯಾಯಾಲಯದಲ್ಲಿ ನಡೆಯಿತು. ಮರ್ರಿಯವರ ಮೇಲಿನ ನಿರ್ಬಂಧ ಬಂದದ್ದು ಒಳಗಿನ ಸೂಚನೆಯಾಗಿ.

ಕರ್ನಾಟಕದಲ್ಲಿ ದೈವಶಾಸ್ತ್ರದ ಓದು ಹಳೆಯದೇ. ಮಂಗಳೂರಿನ ಜೆಪ್ಪು ಸೆಮಿನರಿ 1879ರದು. ಬೆಂಗಳೂರಿನ ಮಲ್ಲೇಶ್ವರದ ಸಂತ ಪೇತ್ರರ ಗುರುಮಠ, ಹೊಸೂರು ರಸ್ತೆಯ ಬದಿಯ ಧರ್ಮಾರಾಮ್ ವಿದ್ಯಾಕ್ಷೇತ್ರ ರೋಮ್‌ನ ಮನ್ನಣೆ ಪಡೆದ ಸಂಸ್ಥೆಗಳು. ಧರ್ಮಾರಾಮ್‌ನ ಮಗ್ಗುಲಲ್ಲೇ 2008ರಲ್ಲಿ ಡೀಮ್ಡ್ ಆದ ಕ್ರೈಸ್ಟ್ ವಿಶ್ವವಿದ್ಯಾಲಯವಿದೆ. ಎರಡನ್ನೂ ನಡೆಸುವುದು ಸಿಎಂಐ ಎಂಬ ಕಥೋಲಿಕ ಸನ್ಯಾಸಿ ಸಭೆಯ ಗುರುಗಳು. ಆದರೆ ಒಂದು ಇನ್ನೊಂದರ ವಿಭಾಗವಲ್ಲ. 1880ರಲ್ಲಿ ಜೆಸ್ವಿಟರು ಕಟ್ಟಿದ ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜು 2024ರಲ್ಲಿ ಡೀಮ್ಡ್ ವಿಶ್ವವಿದ್ಯಾಲಯವಾಯಿತು.

ಇಲ್ಲಿಂದ ಬಾಸ್ಟನ್‌ನಂಥ ಕಡೆಗೆ ಹೋಗಿ ಓದಬೇಕೆನ್ನುವವರು, ಅವರು ಗುರುಗಳಾಗಿರಲಿ, ಸಿಸ್ಟರ್ ಆಗಿರಲಿ, ಮನೆ ಮಕ್ಕಳಿರುವವರಾಗಿರಲಿ, ಅರ್ಜಿ ಹಾಕುವ ಮುಂಚೆ ಒಂದು ವಿಷಯ ಖಚಿತ ಮಾಡಿಕೊಳ್ಳಬೇಕು. ಸೆಮಿನರಿಯಲ್ಲಿ ಕಲಿಸುವ ಉದ್ದೇಶವಿದ್ದರೆ ರೋಮ್‌ನ ಲೈಸೆನ್ಷಿಯೇಟ್ ಕೇಳಬೇಕು, ಇಲ್ಲಿ ಮಾಡಿದ ತತ್ತ್ವಶಾಸ್ತ್ರದ ಓದು ಅಲ್ಲಿ ಲೆಕ್ಕಕ್ಕೆ ಬರುತ್ತದೆಯೇ ಎಂದೂ ಕೇಳಬೇಕು. ಕಾಲೇಜು, ವಿಶ್ವವಿದ್ಯಾಲಯದ ಹುದ್ದೆ ಮನಸ್ಸಿನಲ್ಲಿದ್ದರೆ ರಾಜ್ಯದ ಸನ್ನದಿನಡಿ ಕೊಡುವ ಎಂಎ, ಆಮೇಲೆ ಪಿಎಚ್‌ಡಿ. ಆಸ್ಪತ್ರೆ, ಚರ್ಚಿನ ಸೇವೆಗಾದರೆ ಮೂರು ವರ್ಷದ ಮಾಸ್ಟರ್ ಆಫ್ ಡಿವಿನಿಟಿ. ತರಗತಿಯಲ್ಲಿ ಮೂವರೂ ಒಂದೇ ಬೆಂಚಿನಲ್ಲಿ ಕುಳಿತಿರಬಹುದು, ಒಂದೇ ಆದಿಕಾಂಡ ಓದುತ್ತಿರಬಹುದು. ಊರಿಗೆ ಬಂದ ಮೇಲೆ ಆ ಪದವಿಪತ್ರಗಳನ್ನು ಕೇಳುವ ಕಚೇರಿಗಳು ಮಾತ್ರ ಬೇರೆ ಬೇರೆ.